ಬ್ಯಾನರ್‌ಲಾರ್ಡ್‌ನಲ್ಲಿ ಕಾಲಾಳು ಪಡೆ: ಯಾವ ಆಯುಧಕ್ಕೆ ಯಾವ ವ್ಯೂಹ?

ಕಳೆದ ದಸರಾ ರಜೆಗೆ ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ. ಬಂದವನೇ ಬ್ಯಾಗ್ ಮೂಲೆಗಿಟ್ಟು ಲ್ಯಾಪ್‌ಟಾಪ್‌ನಲ್ಲಿ ಬ್ಯಾನರ್‌ಲಾರ್ಡ್ ಎಂಬ ಯುದ್ಧದಾಟ ತೆರೆದ. "ಅಣ್ಣಾ, ಎಪ್ಪತ್ತು ಜನ ಇದ್ದಾರೆ. ಎಲ್ಲರ ಕೈಲೂ ದೊಡ್ಡ ಕೊಡಲಿ. ಆದ್ರೂ ಸೋಲ್ತಾನೇ ಇದೀನಿ. ಯಾವ ಟ್ರೂಪ್ ಬೆಸ್ಟ್ ಹೇಳು" ಎಂದ. ಪಕ್ಕದಲ್ಲಿ ಕೂತು ಒಂದು ಯುದ್ಧ ನೋಡಿದೆ.

ಬಟ್ಟಬಯಲು. ಎದುರಿಗೆ ಆಟದ ಖುಜೈಟ್ ಪಂಗಡದ ಕುದುರೆ ಬಿಲ್ಲುಗಾರರು. ಇವನು ಯುದ್ಧ ಶುರುವಾದ ತಕ್ಷಣ ಚಾರ್ಜ್, ಅಂದರೆ ಎಲ್ಲರೂ ನುಗ್ಗಿ ಎಂಬ ಆದೇಶ, ಒತ್ತಿದ. ಎಪ್ಪತ್ತು ಜನ ಕೂಗುತ್ತಾ ಓಡಿದರು. ಕುದುರೆಗಳು ಎದುರು ನಿಲ್ಲಲೇ ಇಲ್ಲ. ಎರಡು ಭಾಗವಾಗಿ ಪಕ್ಕಕ್ಕೆ ಸರಿದು ಸುತ್ತು ಹಾಕತೊಡಗಿದವು. ಓಡುತ್ತಿದ್ದವರ ಸಾಲು ಹಗ್ಗದಂತೆ ಉದ್ದವಾಯಿತು. ಹಿಂದೆ ಬಿದ್ದವರ ಬೆನ್ನಿಗೆ ಮೊದಲು ಬಾಣ ನಾಟಿತು, ಆಮೇಲೆ ನಡುವಿನವರಿಗೆ. ಕೊಡಲಿ ಎತ್ತಿದವರು ಎತ್ತಿದ ಹಾಗೇ ಬಿದ್ದರು. ಯಾರ ಕೈಯಲ್ಲೂ ಗುರಾಣಿ ಇರಲಿಲ್ಲ.

ಅವನ ಸೈನಿಕರು ಕೆಟ್ಟವರಲ್ಲ. ಅದೇ ಕೊಡಲಿಯವರು ಕಾದಿದ್ದು, ಎದುರಾಳಿ ಸಾಲಿನ ಪಕ್ಕೆಗೆ ನುಗ್ಗಿದ್ದರೆ ಆ ಸಾಲನ್ನೇ ಸೀಳಿ ಹಾಕುತ್ತಿದ್ದರು. ತಪ್ಪಿದ್ದು ಜೋಡಿ. ಈ ಆಟದಲ್ಲಿ ಆಯುಧವನ್ನು ಬೇರೆ, ವ್ಯೂಹವನ್ನು ಬೇರೆ ಆರಿಸಲು ಹೋದರೆ ಸೋಲು ಖಚಿತ. ಎರಡನ್ನೂ ಒಟ್ಟಿಗೆ ಆರಿಸಬೇಕು. ಅವನಿಗೆ ಆ ರಾತ್ರಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಆಟ ಹೊಸದಾದವರಿಗೆ ಎರಡು ಮಾತು. ಮೌಂಟ್ ಅಂಡ್ ಬ್ಲೇಡ್ 2: ಬ್ಯಾನರ್‌ಲಾರ್ಡ್ ಮಾಡಿದವರು ಟರ್ಕಿಯ ಅಂಕಾರಾದ ಟೇಲ್‌ವರ್ಲ್ಡ್ಸ್ ಕಂಪನಿಯವರು. 2020ರ ಮಾರ್ಚ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಇನ್ನೂ ಪೂರ್ತಿಯಾಗದ ರೂಪದಲ್ಲಿ, ಬಂತು, ಪೂರ್ತಿ ಆಟ 2022ರ ಅಕ್ಟೋಬರ್ 25ಕ್ಕೆ. ಕಥೆ ನಡೆಯುವುದು ಕ್ಯಾಲ್ರಾಡಿಯಾ ಎಂಬ ಕಲ್ಪಿತ ನಾಡಿನಲ್ಲಿ, 1084ನೇ ಇಸವಿಯಲ್ಲಿ. ನಾಡು ಕಲ್ಪಿತವಾದರೂ ಸೈನ್ಯಗಳು ಹಾಗಲ್ಲ. ಸಾಮ್ರಾಜ್ಯದ ಪಡೆ ನೋಡಿದರೆ ಬೈಜಾಂಟಿಯಮ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯ, ನೆನಪಾಗುತ್ತದೆ. ವ್ಲ್ಯಾಂಡಿಯಾದಲ್ಲಿ ನಾರ್ಮನ್ನರ ಛಾಯೆ, ಸ್ಟರ್ಜಿಯಾದಲ್ಲಿ ರುಸ್ ಜನರದ್ದು, ಬ್ಯಾಟೇನಿಯಾದಲ್ಲಿ ಕೆಲ್ಟರದ್ದು. ಖುಜೈಟರು ಹುಲ್ಲುಗಾವಲಿನ ಕುದುರೆ ಸವಾರರು, ಅಸೆರೈಗಳು ಮರಳುಗಾಡಿನ ಅರಬ್ಬರಂತೆ. ಹಾಗಾಗಿ ನಿಜವಾದ ಮಧ್ಯಯುಗದ ಯುದ್ಧಗಳಲ್ಲಿ ನಡೆದ ಎಷ್ಟೋ ಸಂಗತಿ ಇಲ್ಲೂ ನಡೆಯುತ್ತದೆ. ನನಗೆ ಈ ಆಟ ಇಷ್ಟವಾಗಿರುವುದೇ ಅದಕ್ಕೆ.

ಮೊದಲ ಕವಲು: ಗುರಾಣಿ ಬೇಕೋ, ಬೇಡವೋ

ಕತ್ತಿಯಾ, ಈಟಿಯಾ, ಕೊಡಲಿಯಾ ಎಂಬ ಪ್ರಶ್ನೆ ಆಮೇಲಿನದು. ಮೊದಲು ಕೇಳಬೇಕಾದ್ದು, ಎಡಗೈಯಲ್ಲಿ ಗುರಾಣಿ ಇದೆಯಾ ಅಂತ.

ಗುರಾಣಿ ಇದ್ದವನು ಬಾಣದ ಮಳೆಯಲ್ಲೂ ನಡೆದು ಹೋಗಬಲ್ಲ. ಬೆನ್ನಿಗೆ ನೇತುಹಾಕಿಕೊಂಡ ಗುರಾಣಿ ಕೂಡ ಹಿಂದಿನಿಂದ ಬರುವ ಬಾಣ ತಡೆಯುತ್ತದೆ. ಒಮ್ಮೆ ಆಟವನ್ನು ನಿಲ್ಲಿಸಿ ನಿಮ್ಮ ಮುಂದಿನ ಸಾಲಿನವರ ಹತ್ತಿರ ಕ್ಯಾಮೆರಾ ತೆಗೆದುಕೊಂಡು ಹೋಗಿ ನೋಡಿ. ಒಬ್ಬೊಬ್ಬರ ಗುರಾಣಿಯಲ್ಲಿ ಮುಳ್ಳುಹಂದಿಯ ಹಾಗೆ ಬಾಣಗಳು ನಾಟಿಕೊಂಡಿರುತ್ತವೆ. ಅದರಲ್ಲಿ ಒಂದೊಂದೂ ಒಬ್ಬ ಸೈನಿಕನ ಎದೆಗೆ ಬೀಳಬೇಕಾಗಿದ್ದ ಬಾಣ.

ಇದಕ್ಕೆ ಬೆಲೆಯೂ ಇದೆ. ಗುರಾಣಿಯವನ ಆಯುಧ ಒಂದು ಕೈಯದ್ದು. ಉದ್ದ ಕಡಿಮೆ, ಏಟಿನ ತೂಕ ಕಡಿಮೆ. ಯುದ್ಧದ ಕೊನೆಗೆ ಯಾರು ಎಷ್ಟು ಜನರನ್ನು ಬೀಳಿಸಿದರು ಎಂಬ ಪಟ್ಟಿಯಲ್ಲಿ ಅವನ ಹೆಸರು ಮೇಲೆ ಕಾಣುವುದಿಲ್ಲ. ಹೊಸಬರು ಮೋಸ ಹೋಗುವುದು ಇಲ್ಲೇ. ಪಟ್ಟಿ ನೋಡಿ, ದೊಡ್ಡ ಕೊಡಲಿಯವರೇ ವಾಸಿ ಅಂದುಕೊಂಡು ಎಲ್ಲರನ್ನೂ ಅವರನ್ನೇ ಮಾಡುತ್ತಾರೆ. ಆ ಕೊಡಲಿಯವನು ಶತ್ರುವಿನ ಹತ್ತಿರ ಜೀವಂತ ತಲುಪಿದ್ದು ಗುರಾಣಿಯವನ ಮರೆಯಿಂದ ಎಂಬುದು ಪಟ್ಟಿಯಲ್ಲಿ ಬರುವುದಿಲ್ಲ ಅಲ್ವಾ.

ಗುರಾಣಿಗೂ ಆಯಸ್ಸಿದೆ. ಏಟು ಬಿದ್ದಂತೆ ಸವೆದು ಒಡೆಯುತ್ತದೆ. ಕೊಡಲಿಗೆ ಗುರಾಣಿ ಒಡೆಯುವ ಶಕ್ತಿ ಜಾಸ್ತಿ. ಹಾಗಾಗಿ ಕೊಡಲಿ ಹಿಡಿದವರ ಎದುರು ನಿಮ್ಮ ಗುರಾಣಿ ಸಾಲು ಎಷ್ಟು ಹೊತ್ತು ನಿಂತೀತು ಎಂಬ ಲೆಕ್ಕ ತಲೆಯಲ್ಲಿರಲಿ.

ನನ್ನ ನಿಲುವು ಇಷ್ಟು: ಬಿಲ್ಲುಗಾರರನ್ನು ಬಿಟ್ಟು ಉಳಿದ ಕಾಲಾಳುಗಳಲ್ಲಿ ಅರ್ಧಕ್ಕಿಂತ ಕಡಿಮೆ ಗುರಾಣಿ ಇದ್ದರೆ ಆ ಪಡೆ ಬಯಲಿಗೆ ಇಳಿಯಬಾರದು.

ಈಟಿಯೋ, ಕತ್ತಿಯೋ

ಇತಿಹಾಸ ಓದಿದವರಿಗೆ ಇಲ್ಲೊಂದು ಆಶ್ಚರ್ಯ ಕಾದಿದೆ. ನಿಜ ಜೀವನದಲ್ಲಿ ಈಟಿಯೇ ಮಧ್ಯಯುಗದ ಸಾಮಾನ್ಯ ಸೈನಿಕನ ಆಯುಧ. ಅಗ್ಗ, ಉದ್ದ, ಕಲಿಯೋದು ಸುಲಭ. ಆದರೆ ಬ್ಯಾನರ್‌ಲಾರ್ಡ್‌ನಲ್ಲಿ ಕಾಲಾಳು ಕಾಲಾಳಿನ ಜೊತೆ ಗುದ್ದಾಡುವಾಗ ಈಟಿ ಸೊರಗುತ್ತದೆ. ಕಾರಣ ಸರಳ. ಆಟದಲ್ಲಿ ತಿವಿತಕ್ಕೆ ಬಲ ಬರಬೇಕಾದರೆ ಕೈ ಚಾಚಲು ಜಾಗ ಬೇಕು. ಎದುರಾಳಿ ಎದೆಗೆ ಎದೆ ಹತ್ತಿ ನಿಂತ ಮೇಲೆ ಈಟಿಯ ಮೊನೆ ಅವನ ಬೆನ್ನ ಹಿಂದೆಲ್ಲೋ ಇರುತ್ತದೆ. ತಿವಿದರೂ ತರಚಿದಷ್ಟೇ ಗಾಯ. ಆಗ ಗಿಡ್ಡ ಕತ್ತಿಯವನೇ ಗೆಲ್ಲುತ್ತಾನೆ.

ಹಾಗಂತ ಈಟಿ ಬಿಡಬೇಡಿ. ಕುದುರೆ ನುಗ್ಗಿ ಬರುವಾಗ ಗುರಾಣಿಯ ಜೊತೆಗೆ ಈಟಿ ಹಿಡಿದವನಿಗೆ ಸಾಟಿಯಿಲ್ಲ. ಈ ಆಟದಲ್ಲಿ ವೇಗವೂ ಏಟಿನ ಲೆಕ್ಕಕ್ಕೆ ಬರುತ್ತದೆ. ಓಡಿ ಬರುವ ಕುದುರೆ ಈಟಿಯ ಮೊನೆಗೆ ಬಂದು ಬಿದ್ದರೆ ಅದರ ಓಟವೇ ಅದಕ್ಕೆ ಮುಳುವು.

ಹೀಗಾಗಿ ಎದುರಾಳಿ ವ್ಲ್ಯಾಂಡಿಯಾ ಅಥವಾ ಖುಜೈಟ್ ಆದರೆ ಈಟಿಯವರು ಜಾಸ್ತಿ ಇರಲಿ. ಸ್ಟರ್ಜಿಯಾ, ಬ್ಯಾಟೇನಿಯಾ ಆದರೆ ಕತ್ತಿ, ಗಿಡ್ಡ ಕೊಡಲಿ. ಕೋಟೆ ಮುತ್ತಿಗೆಗೆ ಯೋಚನೆಯೇ ಬೇಡ. ಏಣಿ ಹತ್ತಿ ಗೋಡೆಯ ಮೇಲೆ ಕಾಲಿಡಲು ಜಾಗ ಇಲ್ಲದ ಕಡೆ ಗುರಾಣಿ, ಕತ್ತಿ ಬಿಟ್ಟು ಬೇರೇನೂ ನಡೆಯುವುದಿಲ್ಲ.

ಗದೆಯ ಬಗ್ಗೆ ಒಂದು ಮಾತು. ಗಟ್ಟಿ ಕವಚದ ಮುಂದೆ ಕತ್ತಿಯ ಸೀಳೇಟು ಸೋಲುತ್ತದೆ. ತಿವಿತ ಸ್ವಲ್ಪ ವಾಸಿ. ಮೊಂಡು ಏಟು ಎಲ್ಲಕ್ಕಿಂತ ಚೆನ್ನಾಗಿ ಇಳಿಯುತ್ತದೆ. ಗದೆಯ ಏಟು ತಿಂದವರು ಸಾಯದೆ ಪ್ರಜ್ಞೆ ತಪ್ಪಿ ಬೀಳುತ್ತಾರೆ, ಅಂದರೆ ನಿಮಗೆ ಸೆರೆಯಾಳುಗಳು. ಸೆರೆಯಾಳು ಅಂದರೆ ಹಣ, ಅಥವಾ ನಾಳೆಯ ನಿಮ್ಮದೇ ಸೈನಿಕ. ಆಟದ ಶುರುವಿನಲ್ಲಿ ಕೈ ಬರಿದಾಗಿರುವಾಗ ನನ್ನ ಪಾತ್ರದ ಕೈಗೆ ನಾನು ಯಾವಾಗಲೂ ಗದೆಯನ್ನೇ ಕೊಡುತ್ತೇನೆ.

ಕುದುರೆಗೆ ಎದುರು: ಪೈಕೋ, ಮೆನಾವ್ಲಿಯೋನೋ

ಈ ಮಾರ್ಗದರ್ಶಿಯಲ್ಲಿ ನನಗೆ ಅತಿ ಪ್ರೀತಿಯ ಭಾಗ ಇದು. ಸ್ವಲ್ಪ ನಿಧಾನಿಸುತ್ತೇನೆ.

ಗುರಾಣಿ ಬಿಟ್ಟು ಎರಡೂ ಕೈಯಲ್ಲಿ ಉದ್ದ ಕೋಲು ಹಿಡಿಯುವವರಲ್ಲಿ ಎರಡು ಬಗೆ. ವ್ಲ್ಯಾಂಡಿಯಾದ ಪೈಕ್‌ಮನ್‌ನಂಥವರು ಪೈಕ್ ಎಂಬ ಬಹಳ ಉದ್ದದ ಈಟಿ ಹಿಡಿದು ತಿವಿಯುತ್ತಾರೆ. ಸಾಮ್ರಾಜ್ಯದ ಮೆನಾವ್ಲಿಯಾಟೋನ್, ವ್ಲ್ಯಾಂಡಿಯಾದ ವೂಲ್ಜಿಯರ್ ಇವರು ಮೆನಾವ್ಲಿಯೋನ್‌ನಂಥ ಉದ್ದ ಹಿಡಿಯ ಅಲಗಿನ ಆಯುಧವನ್ನು ಬೀಸಿ ಹೊಡೆಯುತ್ತಾರೆ.

ಪೈಕ್ ಒಂದೇ ಕೆಲಸದ ಆಯುಧ. ದಟ್ಟವಾಗಿ ನಿಂತು, ಒಂದೇ ಕಡೆ ಮುಖ ಮಾಡಿದ್ದರೆ ಎದುರಿನಿಂದ ಬರುವ ಕುದುರೆಗೆ ಅದು ಗೋಡೆ. ಸಾಲು ಚದುರಿತೋ, ಕತ್ತಿಯವನು ಒಳಗೆ ನುಸುಳಿದನೋ, ಪೈಕ್ ಹಿಡಿದವನು ಬರಿಗೈಯವನಿಗೆ ಸಮ. ಮೆನಾವ್ಲಿಯೋನ್ ಹಾಗಲ್ಲ. ಕುದುರೆ ಪಕ್ಕದಿಂದ ಹಾದು ಹೋದರೂ ಬೀಸಿದ ಏಟು ಸವಾರನಿಗೋ ಕುದುರೆಗೋ ತಗಲುತ್ತದೆ. ಕುದುರೆ ಮುಗಿದ ಮೇಲೆ ಕಾಲಾಳುಗಳ ಮೇಲೂ ಅದೇ ಏಟು ನಡೆಯುತ್ತದೆ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ಈ ಆಟದಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ. ನಮ್ಮ ಮಾತು ಕೇಳಿ ಸೈನಿಕರು ಸಾಲು ಕಾಪಾಡುವುದು ಮೊದಲ ಒಂದೆರಡು ನಿಮಿಷ ಮಾತ್ರ. ಆಮೇಲೆ ಎಲ್ಲವೂ ಗೊಂದಲ. ಗೊಂದಲದಲ್ಲೂ ನಡೆಯುವ ಆಯುಧ ಬೇಕು.

ಮೆನಾವ್ಲಿಯೋನ್ ಆಟದವರು ಕಟ್ಟಿದ ಹೆಸರಲ್ಲ. 10ನೇ ಶತಮಾನದಲ್ಲಿ ಬೈಜಾಂಟಿಯಮ್ ಚಕ್ರವರ್ತಿ ನಿಕೆಫೊರೊಸ್ ಫೋಕಾಸ್ ಹೆಸರಿನಲ್ಲಿರುವ ಸೈನ್ಯದ ಕೈಪಿಡಿಯಲ್ಲಿ ಈ ದಪ್ಪ ಈಟಿಯವರ ವಿವರ ಇದೆ. ಸೀಳಿದ ಮರದ ತುಂಡುಗಳಿಂದಲ್ಲ, ಇಡೀ ಎಳೆಯ ಓಕ್ ಗಿಡದಂಥ ಗಟ್ಟಿ ಮರದಿಂದಲೇ ಅದರ ಹಿಡಿ ಮಾಡಬೇಕು, ಕೈಗೆ ಹಿಡಿಯಲು ಆಗುವಷ್ಟು ದಪ್ಪ ಇರಬೇಕು ಎನ್ನುತ್ತದೆ ಆ ಕೈಪಿಡಿ. ಕವಚ ತೊಟ್ಟ ಕುದುರೆ ಬಂದು ಗುದ್ದಿದರೆ ಮಾಮೂಲಿ ಈಟಿ ಮುರಿಯುತ್ತದೆ, ಇದು ಮುರಿಯಬಾರದು. ಒಂದು ಸಾವಿರ ಕಾಲಾಳುಗಳ ತುಕಡಿಯಲ್ಲಿ ಹೇಗೆ ಹಂಚಬೇಕು ಎಂಬ ಲೆಕ್ಕವನ್ನೂ ಅದು ಕೊಡುತ್ತದೆ: 400 ಗುರಾಣಿ, ಈಟಿಯ ಭಾರಿ ಕಾಲಾಳು, 300 ಬಿಲ್ಲುಗಾರರು, ಎಸೆಯುವ ಭರ್ಜಿ ಮತ್ತು ಕವಣೆಯ 200 ಹಗುರ ಕಾಲಾಳು, 100 ಮೆನಾವ್ಲಿಯೋನ್‌ನವರು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಪೈಕ್‌ನ ಪರವಾಗಿಯೂ ಇತಿಹಾಸ ಮಾತಾಡುತ್ತದೆ. ಸ್ವಿಸ್ ಜನ ಮೊದಲು ಹೆಚ್ಚಾಗಿ ಹ್ಯಾಲ್ಬರ್ಡ್ ಹಿಡಿಯುತ್ತಿದ್ದರು. ಉದ್ದ ಹಿಡಿಯ ಕೊಡಲಿ, ತುದಿಗೆ ಮೊನೆ. 1422ರಲ್ಲಿ ಅರ್ಬೇಡೊ ಎಂಬಲ್ಲಿ ಮಿಲಾನ್‌ನ ಸೈನ್ಯ ಅವರನ್ನು ಕೆಟ್ಟದಾಗಿ ಬಡಿಯಿತು. ಮಿಲಾನ್‌ನ ಕವಚಧಾರಿ ಸವಾರರು ಕುದುರೆಯಿಂದ ಇಳಿದು, ಲ್ಯಾನ್ಸ್ ಎಂಬ ಸವಾರರ ಉದ್ದನೆಯ ಈಟಿ ಹಿಡಿದು ಬಂದಿದ್ದರು. ಹ್ಯಾಲ್ಬರ್ಡ್ ಅಷ್ಟು ದೂರ ಎಟುಕಲಿಲ್ಲ. ಆ ಸೋಲಿನ ನಂತರ ಸ್ವಿಸ್ ಪಡೆಯಲ್ಲಿ ಪೈಕ್‌ಗಳ ಪಾಲು ಏರಿತು. ಆದರೆ ಅವರು ಹ್ಯಾಲ್ಬರ್ಡ್ ಬಿಟ್ಟುಬಿಡಲಿಲ್ಲ. ಹೊರಗೆ ಪೈಕ್, ಒಳಗೆ ಹ್ಯಾಲ್ಬರ್ಡ್. ಪೈಕ್‌ಗಳು ಸಿಕ್ಕಿಕೊಂಡು ನಿಂತಾಗ ಒಳಗಿನವರು ಹೊರಬಂದು ಕಡಿಯುತ್ತಿದ್ದರು. ಈ ಎರಡೂ ಆಯುಧ ಒಂದಕ್ಕೊಂದು ಬೆನ್ನಾಗಿ ನಿಂತಿದ್ದಕ್ಕೇ ಯುರೋಪು ಆ ಪಡೆಗೆ ಹೆದರಿತು.

ಇನ್ನೊಂದು ಉದಾಹರಣೆ ಕೋರ್ಟ್ರೈ ಯುದ್ಧ. 1302ರ ಜುಲೈ 11. ಫ್ಲಾಂಡರ್ಸ್‌ನ ನೇಕಾರರು, ಕಸುಬುದಾರರು ಫ್ರಾನ್ಸ್‌ನ ನೈಟ್‌ಗಳ, ಅಂದರೆ ಕವಚ ತೊಟ್ಟ ಕುದುರೆ ಸವಾರರ, ಎದುರು ನಿಂತರು. ಕೈಯಲ್ಲಿ ಉದ್ದ ಪೈಕ್, ಜೊತೆಗೆ ಗೂಡೆನ್‌ಡಾಗ್ ಎಂಬ ದಪ್ಪ ದೊಣ್ಣೆ, ಅದರ ತುದಿಗೆ ಕಬ್ಬಿಣದ ಮೊಳೆ. ಪೈಕ್ ಕುದುರೆಯನ್ನು ನಿಲ್ಲಿಸಿತು, ದೊಣ್ಣೆ ಸವಾರನನ್ನು ಉರುಳಿಸಿತು. ಮುಂದೆ ಹಳ್ಳ, ಕಾಲುವೆಗಳಿದ್ದದ್ದರಿಂದ ಕುದುರೆಗಳಿಗೆ ವೇಗವೇ ಬರಲಿಲ್ಲ. ಸತ್ತ ನೈಟ್‌ಗಳ ಕಾಲಿನಿಂದ ಬಿಚ್ಚಿದ ಚಿನ್ನದ ಸ್ಪರ್‌ಗಳನ್ನು (ಕುದುರೆ ಓಡಿಸಲು ಹಿಮ್ಮಡಿಗೆ ಕಟ್ಟುವ ಮುಳ್ಳು) ಚರ್ಚಿನಲ್ಲಿ ನೇತುಹಾಕಿದರು. ಅದಕ್ಕೇ ಆ ಯುದ್ಧಕ್ಕೆ ಚಿನ್ನದ ಸ್ಪರ್‌ಗಳ ಯುದ್ಧ ಎಂದೇ ಹೆಸರು. ಬ್ಯಾನರ್‌ಲಾರ್ಡ್‌ನಲ್ಲೂ ಹಳ್ಳ ಕಂಡರೆ ಅದರ ಹಿಂದೆ ನಿಲ್ಲಿ. ನೀರಿಗಿಳಿದ ಕುದುರೆ ನಿಧಾನವಾಗುತ್ತದೆ, ನಿಧಾನವಾದ ಕುದುರೆ ನಿಮ್ಮ ಮೆನಾವ್ಲಿಯೋನ್‌ಗೆ ಸುಲಭದ ತುತ್ತು.

ದೊಡ್ಡ ಕೊಡಲಿ, ಎಸೆಯುವ ಭರ್ಜಿ

ಎರಡು ಕೈಯ ಕೊಡಲಿಯವರನ್ನು ಮುಖ್ಯ ಸಾಲಿಗೆ ಸೇರಿಸಬೇಡಿ. ಬೇರೆ ಗುಂಪು ಮಾಡಿ. ಪಡೆಯನ್ನು ಎಂಟು ಗುಂಪಿನವರೆಗೆ ಹಂಚಲು ಆಟ ಅವಕಾಶ ಕೊಡುತ್ತದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ, ಎಲ್ಲ ಕಾಲಾಳುಗಳನ್ನೂ ಒಂದೇ ಗುಂಪಿನಲ್ಲಿ ಬಿಟ್ಟಿರುತ್ತಾರೆ. ಕೊಡಲಿಯವರು ಗುರಾಣಿ ಸಾಲಿನ ಹಿಂದೆ, ಒಂದು ತುದಿಯಲ್ಲಿ, ಲೂಸ್ ವ್ಯೂಹದಲ್ಲಿ, ಅಂದರೆ ದೂರ ದೂರ ನಿಲ್ಲಲಿ. ಎರಡು ಸಾಲು ಡಿಕ್ಕಿ ಹೊಡೆದು ಅಂಟಿಕೊಂಡ ಮೇಲೆ ಅವರನ್ನು ಸುತ್ತು ಹಾಕಿಸಿ ಪಕ್ಕದಿಂದ ಬಿಡಿ. ಗುರಾಣಿ ಒಂದು ಕಡೆಯನ್ನು ಮಾತ್ರ ಕಾಯುತ್ತದೆ.

ಭರ್ಜಿ ಎಸೆಯುವವರದ್ದೂ ಇದೇ ಜಾಗ. ಬ್ಯಾಟೇನಿಯಾದ ವೈಲ್ಡ್‌ಲಿಂಗ್‌ನಂಥವರು ಹತ್ತಿರದಿಂದ ಎಸೆದರೆ ಕವಚವೂ ಹೆಚ್ಚು ಉಳಿಸುವುದಿಲ್ಲ. ಆದರೆ ಅವರ ಬಳಿ ಇರುವುದು ಕೆಲವೇ ಭರ್ಜಿ. ದೂರದಲ್ಲೇ ಎಸೆದು ಖಾಲಿ ಮಾಡಿಕೊಂಡರೆ ವ್ಯರ್ಥ. ಹೋಲ್ಡ್ ಫೈರ್, ಅಂದರೆ ಈಗ ಎಸೆಯಬೇಡಿ ಎಂಬ ಆದೇಶ, ಕೊಟ್ಟು ತಡೆದಿಟ್ಟು, ಶತ್ರುವಿನ ಮುಖ ಕಾಣುವಷ್ಟು ಹತ್ತಿರ ಬಂದಾಗ ಬಿಡಿ.

ವ್ಯೂಹಗಳು

ಮೆನುವಿನಲ್ಲಿ ಎಂಟು ವ್ಯೂಹ ಇವೆ. ಕಾಲಾಳಿಗೆ ದಿನಾ ಬೇಕಾಗುವುದು ನಾಲ್ಕು: ಲೈನ್ (ಮಾಮೂಲಿ ನೇರ ಸಾಲು), ಶೀಲ್ಡ್ ವಾಲ್, ಲೂಸ್, ಸ್ಕ್ವೇರ್. ಸರ್ಕಲ್ ಸ್ಕ್ವೇರ್‌ನ ತಮ್ಮನಿದ್ದಂತೆ. ಉಳಿದವು ಕುದುರೆಗೆ ಅಥವಾ ದಾರಿ ನಡೆಯಲು.

ಶೀಲ್ಡ್ ವಾಲ್ ಹೆಸರೇ ಹೇಳುವ ಹಾಗೆ ಗುರಾಣಿ ಗೋಡೆ. ಮುಂದಿನವರು ಎದುರಿಗೆ ಹಿಡಿಯುತ್ತಾರೆ, ಹಿಂದಿನವರು ತಲೆಯ ಮೇಲೆ ಎತ್ತುತ್ತಾರೆ. ಬಾಣ ತಡೆಯಲು ಇದಕ್ಕಿಂತ ಒಳ್ಳೆಯದಿಲ್ಲ. ನಡಿಗೆ ಮಾತ್ರ ಬಸವನಹುಳುವಿನದ್ದು. ಇನ್ನೊಂದು ಕೊರತೆ ನಾನು ತಡವಾಗಿ ಗಮನಿಸಿದ್ದು. ಶೀಲ್ಡ್ ವಾಲ್‌ನಲ್ಲಿ ನಿಂತವರು ತಡೆಯುವುದು ಜಾಸ್ತಿ, ಹೊಡೆಯುವುದು ಕಡಿಮೆ. ಶತ್ರು ಕೈಗೆಟುಕುವಷ್ಟು ಹತ್ತಿರ ಬಂದ ಮೇಲೂ ಅದರಲ್ಲೇ ಬಿಟ್ಟರೆ ನಿಮ್ಮವರು ಸುಮ್ನೆ ಏಟು ತಿನ್ನುತ್ತಾ ನಿಲ್ಲುತ್ತಾರೆ. ಹೋಗುವಾಗ ಶೀಲ್ಡ್ ವಾಲ್, ತಾಗುವ ಹೊತ್ತಿಗೆ ಲೈನ್. ಇದೊಂದು ಬದಲಾವಣೆಯಿಂದ ನಾನು ಸೋಲಬೇಕಾದ ಎಷ್ಟೋ ಯುದ್ಧ ಗೆದ್ದಿದ್ದೇನೆ.

1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಇಂಗ್ಲಿಷರ ಗುರಾಣಿ ಗೋಡೆ ದಿನವಿಡೀ ದಿಬ್ಬದ ಮೇಲೆ ನಿಂತಿತ್ತು. ನಾರ್ಮನ್ ಕುದುರೆಗಳು ಮತ್ತೆ ಮತ್ತೆ ಬಂದು ಹಿಂದೆ ಸರಿದವು. ಓಡಿ ಹೋಗುತ್ತಿರುವಂತೆ ಕಂಡ ನಾರ್ಮನ್ನರ ಬೆನ್ನು ಹತ್ತಿ ಇಂಗ್ಲಿಷರಲ್ಲಿ ಕೆಲವರು ದಿಬ್ಬ ಇಳಿದರು. ಇಳಿದವರನ್ನು ಕುದುರೆಗಳು ತಿರುಗಿ ಬಂದು ಕಡಿದವು. ಗೋಡೆ ಹೀಗೆ ಕಳಚುತ್ತಾ ಹೋಯಿತು. ಬ್ಯಾನರ್‌ಲಾರ್ಡ್‌ನಲ್ಲಿ ಚಾರ್ಜ್ ಗುಂಡಿ ಒತ್ತುವ ಪ್ರತಿ ಸಲ ನೀವು ಮಾಡುತ್ತಿರುವುದು ಅದೇ ದಿಬ್ಬ ಇಳಿಯುವ ಕೆಲಸ. ಚಾರ್ಜ್ ಎಂದರೆ ಸಾಲು ಬಿಟ್ಟು ಓಡು ಎಂದು. ಮುಂದೆ ಹೋಗಬೇಕಾದರೆ ಅಡ್ವಾನ್ಸ್ ಕೊಡಿ, ಸಾಲು ಉಳಿಯುತ್ತದೆ. ಚಾರ್ಜ್ ಶತ್ರು ಮುರಿದು ಓಡಲು ಶುರು ಮಾಡಿದ ಮೇಲೆ.

ಸ್ಕ್ವೇರ್ ಮತ್ತು ಸರ್ಕಲ್ ನಾಲ್ಕೂ ಕಡೆ ಮುಖ ಮಾಡುವ ವ್ಯೂಹಗಳು. ಕುದುರೆಗಳು ಸುತ್ತುವರಿದಾಗ ಜೀವ ಉಳಿಸುತ್ತವೆ. ಆದರೆ ಎಲ್ಲರೂ ಒಂದೇ ಕಡೆ ಗುಂಪಾಗಿ ನಿಂತಿರುವುದರಿಂದ ಬಾಣಕ್ಕೆ ಗುರಿ ತಪ್ಪುವುದಿಲ್ಲ. ಸ್ಕಾಟ್ಲೆಂಡಿನ ಶಿಲ್ಟ್ರನ್, ಅಂದರೆ ಈಟಿಯವರ ದಟ್ಟ ಗುಂಪಿನ ಕಥೆ ಇದನ್ನೇ ಹೇಳುತ್ತದೆ. 1298ರಲ್ಲಿ ಫಾಲ್ಕರ್ಕ್‌ನಲ್ಲಿ ಸ್ಕಾಟರ ನಾಯಕ ವಿಲಿಯಂ ವ್ಯಾಲೇಸ್ ಉದ್ದ ಈಟಿಯವರನ್ನು ನಾಲ್ಕು ದೊಡ್ಡ ಗುಂಪಾಗಿ ನಿಲ್ಲಿಸಿದ. ಇಂಗ್ಲಿಷ್ ಕುದುರೆಗಳಿಗೆ ಆ ಗುಂಪುಗಳನ್ನು ಒಡೆಯಲು ಆಗಲಿಲ್ಲ. ಆದರೆ ಸ್ಕಾಟರ ಕುದುರೆ ಪಡೆ ಓಡಿಹೋಯಿತು, ಅವರ ಬಿಲ್ಲುಗಾರರನ್ನು ತುಳಿದು ಹಾಕಲಾಯಿತು. ಆಮೇಲೆ ಇಂಗ್ಲೆಂಡಿನ ಎಡ್ವರ್ಡ್ ರಾಜ ತನ್ನ ಬಿಲ್ಲುಗಾರರನ್ನು ಮುಂದೆ ತಂದ. ನಿಂತಲ್ಲೇ ನಿಂತಿದ್ದ ಗುಂಪಿನ ಮೇಲೆ ಬಾಣ ಸುರಿಯಿತು. ಸಾಲಿನಲ್ಲಿ ತೂತು ಬಿದ್ದ ಕಡೆ ಕುದುರೆ ನುಗ್ಗಿತು. ಹದಿನಾರು ವರ್ಷದ ನಂತರ, 1314ರಲ್ಲಿ, ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟರ ರಾಜ ರಾಬರ್ಟ್ ಬ್ರೂಸ್ ಅದೇ ಈಟಿಯವರನ್ನು ನಿಲ್ಲಿಸಿ ಕಾಯಲಿಲ್ಲ, ಮುಂದಕ್ಕೆ ನಡೆಸಿದ. ಇಕ್ಕಟ್ಟಿನ ನೆಲದಲ್ಲಿ ಸಿಕ್ಕಿದ್ದ ಇಂಗ್ಲಿಷರ ಮೇಲೆ ಈಟಿಯ ಸಾಲು ಒತ್ತಿ ಬಂತು. ಇಂಗ್ಲಿಷ್ ಬಿಲ್ಲುಗಾರರನ್ನು ಸ್ಕಾಟರ ಸಣ್ಣ ಕುದುರೆ ಪಡೆಯೊಂದು ಚದುರಿಸಿತು. ಎರಡೂ ಯುದ್ಧಗಳಲ್ಲಿ ಸ್ಕಾಟರ ಕಡೆ ಇದ್ದದ್ದು ಅದೇ ಆಯುಧ, ಅದೇ ಜನ.

ಈ ಕಥೆಯಿಂದ ನಾನು ಆಟಕ್ಕೆ ತಂದುಕೊಂಡ ನಿಯಮ: ಸ್ಕ್ವೇರ್ ಹಾಕಿದ ತಕ್ಷಣ ಎದುರಾಳಿಯ ಬಿಲ್ಲುಗಾರರು ಎಲ್ಲಿದ್ದಾರೆ ಎಂದು ಹುಡುಕುತ್ತೇನೆ. ಅವರ ಮೇಲೆ ಹತ್ತಿಪ್ಪತ್ತು ಕುದುರೆ ಬಿಡಲು ನನ್ನ ಬಳಿ ಇಲ್ಲದಿದ್ದರೆ ಸ್ಕ್ವೇರ್‌ನಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಲೂಸ್ ಗುರಾಣಿ ಇಲ್ಲದವರಿಗೆ. ದೂರ ದೂರ ನಿಂತರೆ ಬಾಣ ನೆಲಕ್ಕೆ ಬೀಳುತ್ತದೆ. ಕುದುರೆ ಬರುವುದು ಕಂಡರೆ ತಕ್ಷಣ ಲೈನ್‌ಗೆ ಬದಲಿಸಿ.

ಅಗಲದ ಬಗ್ಗೆಯೂ ಹೇಳಬೇಕು. ಸಾಲನ್ನು ನಿಲ್ಲಿಸುವಾಗ ಮೌಸ್ ಎಳೆದು ಅಗಲ ನಿರ್ಧರಿಸಬಹುದು. ಕುದುರೆ ಎದುರಾದರೆ ಕಿರಿದು, ಆಳ ಜಾಸ್ತಿ. ಮೊದಲ ಸಾಲು ಬಿದ್ದರೂ ಮೂರನೇ ಸಾಲಿನ ಹೊತ್ತಿಗೆ ಕುದುರೆಯ ಓಟ ಸತ್ತಿರುತ್ತದೆ. ಕಾಲಾಳು ಎದುರಾದರೆ ಅವರಿಗಿಂತ ಸ್ವಲ್ಪ ಅಗಲ. ನಿಮ್ಮ ಎರಡೂ ತುದಿಗಳು ಅವರನ್ನು ತಬ್ಬಿಕೊಳ್ಳುತ್ತವೆ.

ಎದುರಾಳಿ ಯಾರು?

ಖುಜೈಟ್: ನನ್ನ ತಮ್ಮ ಸೋತದ್ದು ಇವರ ಎದುರು. ಬಯಲಲ್ಲಿ ಅವರನ್ನು ಅಟ್ಟಿಸಿಕೊಂಡು ಹೋಗಲೇಬಾರದು. ಮರಗಳ ನಡುವೆ ಅಥವಾ ದಿಬ್ಬದ ಏರಿನಲ್ಲಿ ಗುರಾಣಿಯವರನ್ನು ನಿಲ್ಲಿಸಿ, ಹಿಂದೆ ಬಿಲ್ಲುಗಾರರನ್ನು ಇಡಿ. ಕುದುರೆಯ ಮೇಲಿನ ಬಿಲ್ಲುಗಾರನ ಬತ್ತಳಿಕೆ ಖಾಲಿಯಾಗುವ ಹೊತ್ತು ಬಂದೇ ಬರುತ್ತದೆ. ಬಾಣ ಮುಗಿದ ಮೇಲೆ ಅವರು ಕತ್ತಿ ಹಿಡಿದು ಹತ್ತಿರ ಬರುತ್ತಾರೆ. ಅಲ್ಲಿಯವರೆಗೆ ತಾಳ್ಮೆ ಬೇಕು. ಈ ಯುದ್ಧದಲ್ಲಿ ಮೊದಲ ಐದು ನಿಮಿಷ ಏನೂ ಮಾಡದಿರುವುದೇ ದೊಡ್ಡ ಕೆಲಸ.

ಬ್ಯಾಟೇನಿಯಾ: ಇವರ ಫಿಯನ್ ಚಾಂಪಿಯನ್ ಉದ್ದ ಬಿಲ್ಲಿನವನು, ಹತ್ತಿರ ಹೋದರೆ ಎರಡು ಕೈಯ ಕತ್ತಿಯನ್ನೂ ಎಳೆಯುತ್ತಾನೆ. ಇಡೀ ಆಟದಲ್ಲಿ ನಾನು ಅತಿ ಹೆಚ್ಚು ಗೌರವ ಕೊಡುವ ಕಾಲಾಳು. ಶೀಲ್ಡ್ ವಾಲ್‌ನಲ್ಲಿ ನಿಧಾನವಾಗಿ ಹತ್ತಿರ ಹೋಗಿ. ಅವರ ಬಾಣಗಳೆಲ್ಲ ನಿಮ್ಮ ಗುರಾಣಿಗಳತ್ತ ತಿರುಗಿರುವಾಗ ಕುದುರೆಗಳನ್ನು ಹಿಂದಿನಿಂದ ಬಿಡಿ. ಇವರ ಕಾಡಿನೊಳಗೆ ಮಾತ್ರ ಹೋಗಬೇಡಿ.

ವ್ಲ್ಯಾಂಡಿಯಾ: ಕುದುರೆ ಪಡೆಯ ಮೊದಲ ಹೊಡೆತವನ್ನು ತಡೆದರೆ ಅರ್ಧ ಗೆದ್ದಂತೆ. ಮುಂದೆ ಗುರಾಣಿ, ಬೆನ್ನಿಗೆ ಮೆನಾವ್ಲಿಯೋನ್. ಅವರ ಕ್ರಾಸ್‌ಬೋ (ಅಡ್ಡಬಿಲ್ಲು) ಶಾರ್ಪ್‌ಶೂಟರ್‌ಗಳು ಬೆನ್ನಿಗೆ ಗುರಾಣಿ ಕಟ್ಟಿಕೊಂಡಿರುತ್ತಾರೆ, ಸುಲಭಕ್ಕೆ ಬೀಳುವುದಿಲ್ಲ. 1346ರಲ್ಲಿ ಕ್ರೆಸಿಯಲ್ಲಿ ಫ್ರಾನ್ಸ್ ಪರ ಬಂದ ಜಿನೋವಾದ ಕ್ರಾಸ್‌ಬೋ ಪಡೆಯ ದೊಡ್ಡ ಗುರಾಣಿಗಳು ಹಿಂದಿನ ಸಾಮಾನು ಗಾಡಿಗಳಲ್ಲೇ ಉಳಿದಿದ್ದವು. ಮರೆಯಿಲ್ಲದೆ ನಿಂತು ನಿಧಾನವಾಗಿ ಬಾಣ ಹೂಡುತ್ತಿದ್ದ ಅವರನ್ನು ಇಂಗ್ಲಿಷರ ಉದ್ದ ಬಿಲ್ಲು ಉರುಳಿಸಿತು. ಕ್ರಾಸ್‌ಬೋದವನಿಗೆ ಗುರಾಣಿ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಕಥೆ ಇದು.

ಸ್ಟರ್ಜಿಯಾ: ಗೋಡೆಗೆ ಗೋಡೆ. ಎದುರಿನಿಂದ ತಳ್ಳಾಡಿದರೆ ಎರಡೂ ಕಡೆ ಸಾವು. ಕೊಡಲಿ, ಭರ್ಜಿಯವರು ಕೆಲಸಕ್ಕೆ ಬರುವುದು ಇಲ್ಲೇ.

ಅಸೆರೈ ಮತ್ತು ಸಾಮ್ರಾಜ್ಯದವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ತರುತ್ತಾರೆ. ಅವರ ಪಡೆಯಲ್ಲಿ ಏನು ಜಾಸ್ತಿ ಇದೆ ನೋಡಿ, ಮೇಲಿನದರಲ್ಲಿ ಒಂದನ್ನು ಆರಿಸಿ.

ನೂರು ಜನರ ಪಡೆ

ಈಗ ಫೋಕಾಸನ ಲೆಕ್ಕಕ್ಕೆ ಬರೋಣ. ಸಾವಿರವನ್ನು ನೂರಕ್ಕೆ ಇಳಿಸಿದರೆ 40 ಗುರಾಣಿಯವರು, 30 ಬಿಲ್ಲುಗಾರರು, 20 ಭರ್ಜಿಯವರು, 10 ಮೆನಾವ್ಲಿಯೋನ್. ಆಟದ ನೂರು ಜನರಿಗೆ ಇದನ್ನೇ ಹಾಕಿ ನೋಡಿದೆ. ಸಾವಿರ ವರ್ಷ ಹಳೆಯ ಈ ಲೆಕ್ಕ ನಡೆಯುತ್ತದೆ, ಬಹುತೇಕ ಹಾಗೇ ನಡೆಯುತ್ತದೆ. ನಾನು ಮಾಡಿಕೊಂಡ ಬದಲಾವಣೆ ಒಂದೇ: ಭರ್ಜಿಯವರಲ್ಲಿ ಐದು ಜನ ಕಡಿಮೆ ಮಾಡಿ ಮೆನಾವ್ಲಿಯೋನ್ 15 ಮಾಡಿದೆ. ಹತ್ತು ಜನ ಇದ್ದರೆ ಎರಡು ಮೂವರು ಬಿದ್ದ ಕೂಡಲೇ ಸಾಲಿನಲ್ಲಿ ಕಿಂಡಿ ಕಾಣಿಸುತ್ತದೆ.

ನಿಲ್ಲುವ ಬಗೆ ಹೀಗೆ. 40 ಗುರಾಣಿಯವರು ದಿಬ್ಬದ ಇಳಿಜಾರಿನಲ್ಲಿ ಶೀಲ್ಡ್ ವಾಲ್. ಅವರ ಹಿಂದೆ, ಸ್ವಲ್ಪ ಎತ್ತರದಲ್ಲಿ, 30 ಬಿಲ್ಲುಗಾರರು ಲೂಸ್‌ನಲ್ಲಿ. ಸಮತಟ್ಟಾದ ನೆಲವಾದರೆ ಹಿಂದಿನವರಿಗೆ ಮುಂದಿನವರ ತಲೆ ಅಡ್ಡ ಬರುತ್ತದೆ, ಅದಕ್ಕೇ ಇಳಿಜಾರು. ಮೆನಾವ್ಲಿಯೋನ್ 15 ಜನ ಗುರಾಣಿಯವರ ಬೆನ್ನಿಗೆ ಎರಡು ಸಾಲಾಗಿ, ಪ್ರತ್ಯೇಕ ಗುಂಪಿನಲ್ಲಿ. ಭರ್ಜಿಯ 15 ಜನ ಬಲ ತುದಿಯಲ್ಲಿ, ಹೋಲ್ಡ್ ಫೈರ್. ಕುದುರೆ ಬಂದರೆ ಮೆನಾವ್ಲಿಯೋನ್‌ನವರನ್ನು ಗುರಾಣಿಯವರ ಪಕ್ಕಕ್ಕೆ ಎಳೆಯುತ್ತೇನೆ. ಕಾಲಾಳು ಬಂದರೆ ಗುರಾಣಿಯವರಿಗೆ ಲೈನ್, ಭರ್ಜಿಯವರು ಬಲದಿಂದ ಸುತ್ತು.

ಆ ರಾತ್ರಿ ತಮ್ಮ ಇದನ್ನೇ ಮಾಡಿದ. ಅವನ ಬಳಿ ಮೆನಾವ್ಲಿಯೋನ್ ಇರಲಿಲ್ಲ, ದೊಡ್ಡ ಕೊಡಲಿಯವರಲ್ಲಿ ಹದಿನೈದು ಜನರನ್ನು ಮಾತ್ರ ಉಳಿಸಿಕೊಂಡು ಆ ಜಾಗಕ್ಕೆ ಹಾಕಿದ. ಉಳಿದ ಜಾಗಕ್ಕೆ ಹಳ್ಳಿ ಹಳ್ಳಿ ತಿರುಗಿ ಗುರಾಣಿಯವರನ್ನೂ ಬಿಲ್ಲುಗಾರರನ್ನೂ ಸೇರಿಸಿದ. ಮತ್ತೆ ಖುಜೈಟರೇ ಸಿಕ್ಕರು. ಈ ಸಲ ಅವನು ಒಂದು ಗುಡ್ಡದ ಮೇಲೆ ಹತ್ತಿ ನಿಂತ. ಕುದುರೆಗಳು ಸುತ್ತು ಹಾಕಿದವು, ಬಾಣಗಳು ಗುರಾಣಿಗೆ ಟಕ್ ಟಕ್ ಎಂದು ಬಿದ್ದವು. ಅವನ ಬೆರಳು ಎರಡು ಸಲ ಚಾರ್ಜ್ ಗುಂಡಿಯ ಹತ್ತಿರ ಹೋಯಿತು. "ಇರು" ಎಂದೆ. ಆರನೇ ನಿಮಿಷಕ್ಕೆ ಬಾಣದ ಸದ್ದು ತೆಳುವಾಯಿತು. ಏಳನೇ ನಿಮಿಷಕ್ಕೆ ಮೊದಲ ಕುದುರೆ ಕತ್ತಿ ಎತ್ತಿಕೊಂಡು ಏರು ಹತ್ತಿ ಬಂತು. ಗುರಾಣಿ ಸಾಲಿಗೆ ಬಡಿದು ನಿಂತಿತು. ಹಿಂದಿನಿಂದ ಒಂದು ದೊಡ್ಡ ಕೊಡಲಿ ಮೇಲೆದ್ದಿತು.